ಬಂಗಾರವನ್ನು ನೀರು ಮಾಡುವ ಕೆಲಸ

ನಗು ಬರುವ ಪ್ರಸಂಗಗಳು ಬೇರೆಯವರ ಬಾಳಿನಲ್ಲಿ ಹೇಗೆ ಶುರುವಾಗುತ್ತವೋ ನನಗೆ ಗೊತ್ತಿಲ್ಲ. ನನ್ನವು ಮಾತ್ರ ಎಲ್ಲವೂ ಸಿಟ್ಟಿನಿಂದಲೇ ಶುರುವಾಗುತ್ತವೆ. ಮೊದಲು ಮೈಯೆಲ್ಲ ಉರಿಯುತ್ತದೆ, ಆಮೇಲೆ ಯಾರೋ ಒಂದು ಮಾತು ಆಡುತ್ತಾರೆ, ಸುತ್ತ ನಿಂತವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ, ಕೊನೆಗೆ ನಾನೂ ನಗಬೇಕಾಗುತ್ತದೆ. ಆದರೆ ಸಿಟ್ಟು ಎಲ್ಲಿಗೂ ಹೋಗಿರುವುದಿಲ್ಲ. ತಿಂಗಳಿಗೊಂದಾದರೂ ಹೀಗೆ ಆಗದಿದ್ದರೆ, ಏನೋ ಎಡವಟ್ಟಾಗಿದೆ ಅಂತ ನನಗೇ ಅನುಮಾನ ಬರುತ್ತದೆ.

ನಾನು ಆಂಧ್ರಕ್ಕೆ ಸೇರಿದ ಗಡಿ ಊರು ರಾಯದುರ್ಗದ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುವವಳು. ಹುಟ್ಟಿದ್ದು ಮಡಕಶಿರಾ ಕಡೆ, ಅಮರಾಪುರದ ಹತ್ತಿರ. ಪಾಠ ಮುಗಿದ ಮೇಲೆ ಡಾಕ್ಟರೇಟಿಗೆ ಅಂತ ಒಂದು ಕೆಲಸ ಹಚ್ಚಿಕೊಂಡಿದ್ದೆ. ರೇಷ್ಮೆ ಗೂಡು ಬೇಯಿಸಿದಾಗ ಅದರ ಅಂಟು ನೀರಿಗೆ ಬಿಟ್ಟುಕೊಳ್ಳುತ್ತದೆ. ಆ ಅಂಟು ಒಂದು ಪ್ರೋಟೀನು. ಬೆಳ್ಳಿಯ ಉಪ್ಪನ್ನೋ ಬಂಗಾರದ ಉಪ್ಪನ್ನೋ ಆ ನೀರಿಗೆ ಹಾಕಿ ಬಿಸಿ ಮಾಡಿದರೆ, ಪ್ರೋಟೀನು ಆ ಲೋಹವನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಮಾಡಿ, ಒಂದಕ್ಕೊಂದು ಮೆತ್ತಿಕೊಳ್ಳದ ಹಾಗೆ ಹಿಡಿದಿಡುತ್ತದೆ. ನ್ಯಾನೋ ಕಣ ಅನ್ನುತ್ತಾರೆ. ಬೆಳ್ಳಿಯ ಕಣ ಗಾಯದ ಕ್ರಿಮಿಯನ್ನು ಕೊಲ್ಲುತ್ತದೆ. ಬಂಗಾರದ ಕಣ ಆಸ್ಪತ್ರೆಯ ಪರೀಕ್ಷೆ ಪಟ್ಟಿಗಳಲ್ಲಿ ಬಣ್ಣದ ಗೆರೆ ಮೂಡಿಸುತ್ತದೆ. ವಿಷಯ ಇಷ್ಟೇ. ಇಷ್ಟನ್ನು ಪೂರ್ತಿ ಹೇಳಿ ಮುಗಿಸಲು ಈ ತನಕ ಯಾರೂ ನನಗೆ ಬಿಟ್ಟಿಲ್ಲ.

ಇನ್ನು ನನ್ನ ತಂಗಿ. ನಾನು ಎಂ.ಎಸ್ಸಿ. ಓದಿದ್ದು ಅವಳು ಬೆಂಗಳೂರಿನ ಗಾರ್ಮೆಂಟಿನಲ್ಲಿ ಹೊಲಿದದ್ದರಿಂದ. ನನಗಿಂತ ಬುದ್ಧಿವಂತೆ, ಹತ್ತನೇ ತರಗತಿಗೇ ಬಿಟ್ಟು ಹೋದಳು. ಗಂಡ ಬಿಟ್ಟು ಹೋಗಿ ನಾಲ್ಕು ವರ್ಷವಾಗಿತ್ತು. ಅವಳು ಬೆಂಗಳೂರಿನ ಹಾಸ್ಟೆಲಿನಲ್ಲಿ, ಅವಳ ಆರು ವರ್ಷದ ಮಗಳು ರಾಯದುರ್ಗದಲ್ಲಿ ನನ್ನ ಹತ್ತಿರ. ತಿಂಗಳಿಗೆ ಒಂದು ಭಾನುವಾರ ಬಂದು, ಮಗಳ ತಲೆ ಬಾಚಿ, ಜಡೆ ಹಾಕಿ, ಸಂಜೆ ಬಸ್ಸಿಗೆ ಹೊರಟುಹೋಗುತ್ತಿದ್ದಳು. ಅವಳಿಗೆ ಬೇಕಾಗಿದ್ದುದು ಒಂದೇ. ಈ ಕಡೆ ಎಲ್ಲಾದರೂ ಹೊಲಿಗೆ ಕೆಲಸ ಸಿಗಬೇಕು, ದಿನಾ ಸಂಜೆ ಮಗಳಿರುವ ಮನೆಗೆ ಬರಬೇಕು. ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮುಂದಿನದನ್ನು ಓದಿ. ನನ್ನ ಸಿಟ್ಟಿಗೆ ಅರ್ಥ ಸಿಗುತ್ತದೆ.

ಒರೆಗಲ್ಲು

ಬಂಗಾರದ ಉಪ್ಪು ಹೆಬ್ಬೆರಳಿನಷ್ಟು ಸೀಸೆಯಲ್ಲಿ ಬಂತು. ಅದರ ಮೇಲೆ ‘ಗೋಲ್ಡ್’ ಅಂತ ಬರೆದಿತ್ತು, ಅದೇ ತಪ್ಪಾಯಿತು. ಪ್ರಿನ್ಸಿಪಾಲರು ಅದನ್ನು ಪ್ರಶ್ನೆಪತ್ರಿಕೆ ಇಡುವ ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಿ ಕೀಲಿಯನ್ನು ಜನಿವಾರಕ್ಕೆ ಕಟ್ಟಿಕೊಂಡರು. ಅವರು ರಜೆ ಹಾಕಿದ ದಿನ ನನ್ನ ವಿಜ್ಞಾನಕ್ಕೂ ರಜೆ. ಅಟೆಂಡರು ಸಂಜೆಯೊಳಗೆ ಊರಿಗೆಲ್ಲ ಸುದ್ದಿ ಮುಟ್ಟಿಸಿದ. ಕೆಮಿಸ್ಟ್ರಿ ಮೇಡಂ ಲ್ಯಾಬಿನಲ್ಲಿ ಬಂಗಾರ ಮಾಡುತ್ತಾರೆ!

ಮಾರನೇ ದಿನ ನಮ್ಮ ಮನೆ ಓನರಮ್ಮ ಮಹಡಿ ಹತ್ತಿ ಬಂದರು. ಕೈಯಲ್ಲಿ ಒಂದು ಬಟ್ಟಲು ಗುಗ್ಗರಿ.

“ಮೇಡಮ್ಮೋರ, ಬಂಗಾರ ಮಾಡಾಕ ಹತ್ತೀರಂತ. ನಮ್ಮ ಹುಡುಗಿ ಮದುವಿ ಐತ್ರಿ. ನಮಗ ಹೇಳಬಾರದೇನ್ರಿ?”

“ಅಮ್ಮ, ನಾನು ಬಂಗಾರ ಮಾಡಲ್ಲ. ಇರೋ ಬಂಗಾರಾನ ಸಣ್ಣ ಮಾಡ್ತೀನಿ.”

“ಆಗ್ಲಿ ಬಿಡ್ರಿ, ಸಣ್ಣದಾದ್ರೂ ನಡೀತೈತಿ. ಕಿವಿಗೆ ಹಾಕಾಕ.”

ಎಷ್ಟು ಹೇಳಿದರೂ ನಂಬದಿದ್ದಾಗ, ಬಂದು ಕಣ್ಣಾರೆ ನೋಡಿ ಅಂದೆ. ಅದು ಎರಡನೇ ತಪ್ಪು. ಅವರು ತಮ್ಮ ನಾದಿನಿಯನ್ನೂ, ಬಜಾರದ ಅಕ್ಕಸಾಲಿಯೊಬ್ಬರನ್ನೂ ಕರೆದುಕೊಂಡು ಬಂದರು. ಅಕ್ಕಸಾಲಿಯ ಜೇಬಿನಲ್ಲಿ ಒರೆಗಲ್ಲಿತ್ತು. ನಾನು ಸೀಸೆಯನ್ನು ಬೆಳಕಿಗೆ ಹಿಡಿದೆ. ಒಳಗೆ ದಾಸವಾಳದ ಬಣ್ಣದ ನೀರು. ಮೂರು ತಿಂಗಳು ಕಷ್ಟಪಟ್ಟ ಮೇಲೆ ಬಂದ ಬಣ್ಣ ಅದು.

“ಇದು ಶರಬತ್ತಲ್ಲೇನ್ರಿ?” ಅಂದರು ನಾದಿನಿ.

ಅಕ್ಕಸಾಲಿ ಒಂದು ಹನಿಯನ್ನು ಒರೆಗಲ್ಲಿನ ಮೇಲೆ ಬಿಟ್ಟು, ಬೆರಳಿನಲ್ಲಿ ತಿಕ್ಕಿ, ಕನ್ನಡಕ ಮೇಲೆತ್ತಿ ನೋಡಿ, ತಲೆ ಅಲ್ಲಾಡಿಸಿದರು. “ಮೋಸ ಹೋಗೀರಿ ತಾಯಿ. ಇದರಾಗ ಗುಂಜಿ ಬಂಗಾರಿಲ್ಲ.”

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. ತುಂಡು ಅಷ್ಟು ಸಣ್ಣದಾದರೆ ಬಂಗಾರದ ಬಣ್ಣವೇ ಬದಲಾಗುತ್ತದೆ, ಹಳದಿ ಹೋಗಿ ಕೆಂಪಾಗುತ್ತದೆ, ಇದರಿಂದ ಮುಂದೆ ರೋಗ ಪತ್ತೆ ಮಾಡಬಹುದು ಅಂತ ಮೂವರನ್ನೂ ಬೆಂಚಿನ ಮೇಲೆ ಕೂರಿಸಿ ಅರ್ಧ ಗಂಟೆ ಪಾಠ ಮಾಡಿದೆ. ಗಟ್ಟಿ ದನಿಯಲ್ಲೇ ಮಾಡಿದೆ. ಓನರಮ್ಮ ಶ್ರದ್ಧೆಯಿಂದ ಕೇಳಿದರು. ಕೊನೆಗೆ ಸೆರಗು ಸರಿ ಮಾಡಿಕೊಂಡು ಎದ್ದರು.

“ಅಂದ್ರ, ಬಂಗಾರಾನ ನೀರು ಮಾಡಿದ್ರ ನಿಮಗ ಡಾಕ್ಟರ್ ಪಟ್ಟ ಕೊಡ್ತಾರ?”

“ಹೌದು.”

“ನಮ್ಮ ಮನಿಯವ್ರು ಇಪ್ಪತ್ತು ವರ್ಷದಿಂದ ಅದನ್ನ ಮಾಡಾಕ ಹತ್ಯಾರ್ರಿ. ನನ್ನ ಬಳಿ, ಸರ, ಬೆಂಡೋಲಿ ಎಲ್ಲಾ ನೀರು ಮಾಡಿ ಕುಡದಾರ. ಅವರ್ನ ಯಾರೂ ಡಾಕ್ಟರ್ ಅಂತ ಕರೀಲಿಲ್ಲ ನೋಡ್ರಿ.”

ಗಬ್ಬು ನೀರು

ಗೂಡು ಬೇಯಿಸಿದ ನೀರಿಗೆ ನಾನು ನಮ್ಮ ಮಡಕಶಿರಾ ಕಡೆಗೇ ಹೋಗುತ್ತಿದ್ದೆ. ರೇಷ್ಮೆ ನೂಲು ತೆಗೆಯುವ ಮನೆಗಳು ಒಂದೇ ಬೀದಿಯಲ್ಲಿ ಐದಿದ್ದವು. ನೂಲು ತೆಗೆದ ಮೇಲೆ ತೊಟ್ಟಿಯ ನೀರನ್ನು ಚರಂಡಿಗೆ ಬಿಡುತ್ತಾರೆ. ಸತ್ತ ಹುಳ, ಅಂಟು ಎಲ್ಲ ಸೇರಿ ಅದು ನಾರುತ್ತದೆ. ನನಗೆ ಬೇಕಾದದ್ದು ಅದೇ. ಮೊದಲ ಎರಡು ಸಲ ಅಲ್ಲೊಂದು ಮನೆಯ ಯಜಮಾನ ಯಾಕೆ ಅಂತಲೂ ಕೇಳದೆ ಕ್ಯಾನಿಗೆ ತುಂಬಿಸಿ ಕೊಟ್ಟ.

ಮೂರನೇ ಸಲ ತಂಗಿ ಬಂದ ಭಾನುವಾರವೇ ಹೋಗಬೇಕಾಯಿತು. ಮಾರ್ಚಿನೊಳಗೆ ಫಲಿತಾಂಶ ತೋರಿಸದಿದ್ದರೆ ನೋಂದಣಿ ರದ್ದು ಅಂತ ವಿಶ್ವವಿದ್ಯಾಲಯದವರು ಕಾಗದ ಹಾಕಿದ್ದರು. “ನಡಿ, ನಾನೂ ಬತ್ತೀನಿ. ದಾರೀಲಿ ಆದ್ರೂ ಮಾತಾಡ್ಬೋದು,” ಅಂತ ತಂಗಿ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಸ್ಸು ಹತ್ತಿದಳು. ತಿಂಗಳಿಗೊಂದು ಸಿಗುವ ಭಾನುವಾರ, ಅದನ್ನೂ ನನ್ನ ಹುಳದ ನೀರಿಗೆ ಕೊಟ್ಟಳು.

ಹೋಗಿ ನೋಡಿದರೆ ಯಜಮಾನ ಹೊಸ ಪಂಚೆ ಉಟ್ಟು ಬಾಗಿಲಲ್ಲೇ ನಿಂತಿದ್ದ. ಇದು ಯಾವುದೋ ದೊಡ್ಡ ಔಷಧಿಗೆ ಹೋಗುತ್ತದೆ ಅಂತ ಅವನಿಗೆ ಯಾರೋ ಹೇಳಿದ್ದರಂತೆ.

“ಬಾರವ್ವ, ಬಾ. ನೀನು ಬತ್ತೀಯ ಅಂತ ತೊಟ್ಟೀನ ಸೋಪಿನ ಪುಡಿ ಹಾಕಿ ಮೂರು ಸಲ ಉಜ್ಜಿಸಿವ್ನಿ. ಬೋರಿನ ನೀರು ತುಂಬ್ಸಿ ಕಾಯ್ಸಿವ್ನಿ. ನೋಡು, ತಳ ಕಾಣ್ತೈತೆ.”

ತಳ ಕಾಣುತ್ತಿತ್ತು, ನಿಜ. ಮೇಲೆ ಒಂದು ಚಿಟಿಕೆ ಅರಿಶಿನ ಹಾಕಿ ಮೂರು ಸೇವಂತಿಗೆ ಹೂವನ್ನೂ ತೇಲಿಬಿಟ್ಟಿದ್ದ. ಒಳಗೆ ಒಂದೇ ಒಂದು ಗೂಡಿರಲಿಲ್ಲ. ಎರಡು ಬಸ್ಸು ಬದಲಾಯಿಸಿ ಬಂದಿದ್ದೇನೆ, ಬೋರಿನ ಬಿಸಿನೀರಿಗೆ!

“ಯಜಮಾನ್ರೇ, ನಂಗೆ ಆ ಗಬ್ಬು ನೀರೇ ಬೇಕಿತ್ತು.”

ಅವನ ಮುಖ ಸಪ್ಪಗಾಯಿತು. “ಎಂಥಾ ಮಾತಾಡ್ತೀಯವ್ವ? ನಮ್ಮ ಕಡೆ ಹೆಣ್ಮಗಳು ನೀನು. ಓದಿ ಮೇಷ್ಟ್ರಾಗಿದ್ದೀಯ. ಮನೆ ಬಾಗ್ಲಿಗೆ ಬಂದೋಳಿಗೆ ಗಬ್ಬು ನೀರು ಕೊಟ್ಟು ಕಳ್ಸಿದ್ರೆ ನಾಳೆ ನಿಮ್ಮಮ್ಮನ ಮುಖ ಹೆಂಗ್ ನೋಡ್ಲಿ?”

ಅವನ ಮರ್ಯಾದೆಗೆ ನನ್ನ ಒಂದು ತಿಂಗಳು ಹೋಯಿತು. ತಂಗಿ ಮಾತ್ರ ಬಾಯಿಗೆ ಸೆರಗು ಒತ್ತಿ ನಗುತ್ತಿದ್ದಳು. ಅವನ ಹೆಂಡತಿ ಮುದ್ದೆ, ಕಾಳಿನ ಸಾರು ಬಡಿಸಿದಳು. ಉಣ್ಣುತ್ತಾ ನಾನು ತುಸು ಜೋರಾಗಿಯೇ ಹೇಳಿದೆ. “ಮುಂದಿನ ಸಲ ತೊಟ್ಟಿ ತೊಳೆದ್ರೆ ನಾನು ಇಲ್ಲಿ ಕಾಲಿಡಲ್ಲ. ಎಷ್ಟು ನಾರುತ್ತೋ ಅಷ್ಟು ಒಳ್ಳೇದು.”

ಆ ಮಾತನ್ನು ಅವನು ಬೀದಿಗೆಲ್ಲ ಹೇಳಿಬಿಟ್ಟಿದ್ದ. ಮುಂದಿನ ಸಲ ನಾನು ಬೀದಿಗೆ ಕಾಲಿಡುತ್ತಿದ್ದ ಹಾಗೆ ಐದೂ ಮನೆಯವರು ಕೊಡ, ಬಕೆಟ್ಟು, ಬಿಂದಿಗೆ ಹಿಡಿದು ಸಾಲಾಗಿ ನಿಂತಿದ್ದರು. ಒಬ್ಬಳು ಮುಂದೆ ನುಗ್ಗಿ ಬಂದು ಬಕೆಟ್ಟನ್ನು ನನ್ನ ಮೂಗಿಗೇ ಹಿಡಿದಳು.

“ಅವ್ರುದ್ ತಗಬ್ಯಾಡಿ ಮೇಡಂ, ಅದು ನೆನ್ನೇದು. ನಮ್ಮುದು ನಾಕು ದಿನದ್ದು. ಮೂಸಿ ನೋಡಿ!”

ನಾಲ್ಕನೇ ಹೆಸರು

ಒಂದು ಸಲ ತಂಗಿ ಬಂದಾಗ ಅವಳ ಎಡಗೈ ತೋರುಬೆರಳಿಗೆ ಬಟ್ಟೆ ಸುತ್ತಿತ್ತು. ಹೊಲಿಗೆ ಯಂತ್ರದ ಸೂಜಿ ಉಗುರಿನ ಮೂಲಕ ಇಳಿದು ಆ ಕಡೆ ಬಂದಿತ್ತು. ಹೊಲಿಗೆಯ ಲೈನು ನಿಲ್ಲಿಸಿದರೆ ಬೈಯುತ್ತಾರೆ ಅಂತ ಅದೇ ಬೆರಳಲ್ಲಿ ಸಂಜೆಯವರೆಗೆ ಹೊಲಿದಿದ್ದಳು. ಕೀವಾಗಿತ್ತು. ಆವತ್ತೇ ನಾನು ನಿರ್ಧಾರ ಮಾಡಿದೆ, ನನ್ನ ಬೆಳ್ಳಿ ಕಣ ಪುಸ್ತಕದಲ್ಲಿ ಕೂರಬಾರದು, ಗಾಯದ ಪಟ್ಟಿಯಾಗಬೇಕು ಅಂತ.

ಇದನ್ನು ನನ್ನ ಗೈಡಿಗೆ, ಅಂದರೆ ಡಾಕ್ಟರೇಟಿಗೆ ದಾರಿ ತೋರಿಸಬೇಕಾದ ಪ್ರೊಫೆಸರಿಗೆ, ಹೇಳಲು ಹೋದೆ.

“ಗಾಯ, ಪಟ್ಟಿ ಎಲ್ಲ ಯಾಕಮ್ಮ? ಎಲೆ ಮೇಲೆ ಕೆಲಸ ಮಾಡಿ. ಎಲ್ಲರೂ ಎಲೆಯಿಂದಲೇ ಬೆಳ್ಳಿ ಕಣ ಮಾಡ್ತಾರೆ. ಎಲೆ ಕುದಿಸು, ಬೆಳ್ಳಿ ಹಾಕು, ಪೇಪರು ಬರಿ.”

ಅವರು ಹೇಳಿದ್ದು ಸುಳ್ಳಲ್ಲ. ಆ ವಿಭಾಗದಲ್ಲಿ ಬೇವು ಒಬ್ಬನದು, ತುಳಸಿ ಇನ್ನೊಬ್ಬಳದು. ಕರಿಬೇವು, ಹುಣಸೆ, ಹೊಂಗೆ, ಲಂಟಾನಾ ಎಲ್ಲ ಹಂಚಿಹೋಗಿದ್ದವು. ತಡವಾಗಿ ಸೇರಿದ ಒಬ್ಬನಿಗೆ ಯಾವ ಎಲೆಯೂ ಉಳಿಯದೆ, ಸಮಾರಂಭಕ್ಕೆ ಬಂದ ಅತಿಥಿಗಳ ಕೊರಳಿನ ಚೆಂಡುಹೂವಿನ ಹಾರವನ್ನು ಒಯ್ದು ಕುದಿಸಿದ್ದ.

“ಸಾರ್, ರೇಷ್ಮೆ ಅಂಟಿನಲ್ಲಿ ಮಾಡಿದ್ದು ಗಾಯಕ್ಕೆ ಹೊಂದುತ್ತೆ ಅನ್ನಿಸುತ್ತೆ. ಪರೀಕ್ಷೆ ಮಾಡಿ ನೋಡೋಣ.”

“ನಿಮ್ಮ ಹುಳದ ನೀರು ವಾಸನೆ ಬರುತ್ತಮ್ಮ. ಪತ್ರಿಕೆಯವರು ಒಪ್ಪಲ್ಲ.”

“ಪೇಪರಿನಲ್ಲಿ ಅಚ್ಚಾದರೆ ವಾಸನೆ ಬರಲ್ಲ ಸಾರ್!”

ದನಿ ಸ್ವಲ್ಪ ಏರಿತ್ತು. ಅವರು ಒಂದು ವರ್ಷ ನನ್ನ ಫೋನು ತೆಗೆಯಲಿಲ್ಲ. ನಾನು ಹಟ ಹಿಡಿದು, ಊರೂರು ಅಲೆದು, ಕ್ರಿಮಿಗಳ ಮೇಲಿನ ಪರೀಕ್ಷೆ ನಾನೇ ಮಾಡಿಸಿ ಬರೆದು, ಸಂಶೋಧನಾ ಪತ್ರಿಕೆಗೆ ಹಾಕಲು ಅವರಿಗೇ ಕಳಿಸಿದೆ. ಅಚ್ಚಾಗಿ ಬಂತು. ಮೊದಲ ಹೆಸರು ಪ್ರೊಫೆಸರದು. ಎರಡನೆಯದು ಅವರ ಹೆಂಡತಿಯದು, ಅವರು ಬೇರೆ ಕಾಲೇಜಿನಲ್ಲಿ ಇತಿಹಾಸ ಹೇಳಿಕೊಡುತ್ತಿದ್ದರು. ಮೂರನೆಯದು ವಿಭಾಗದ ಮುಖ್ಯಸ್ಥರದು. ನನ್ನದು ನಾಲ್ಕನೆಯದು. ಪತ್ರಿಕೆಯನ್ನು ಹರಿದು ಹಾಕಬೇಕು ಅನ್ನಿಸಿತು. ತಂಗಿ ಅದನ್ನು ಕೈಗೆ ತೆಗೆದುಕೊಂಡು ಇಂಗ್ಲಿಷು ಅಕ್ಷರ ಕೂಡಿಸಿ ಕೂಡಿಸಿ ನಾಲ್ಕೂ ಹೆಸರು ಓದಿದಳು.

“ನೀನು ಬಯ್ಯಬ್ಯಾಡ ಅಕ್ಕ. ಎಲ್ರಿಗಿಂತ ಜಾಸ್ತಿ ಕೆಲಸ ಮಾಡಿದ್ದು ಹುಳ. ಅದ್ರ ಹೆಸ್ರೇ ಇಲ್ಲ. ನೀನು ಇನ್ನೂ ಸತ್ತಿಲ್ವಲ್ಲ, ಅದುಕ್ಕೇ ನಾಕನೇ ಜಾಗ ಕೊಟ್ಟವ್ರೆ.”

ಹತ್ತು ಬೆರಳು

ಬೆಳ್ಳಿಯ ಉಪ್ಪು ಕೈಗೆ ತಾಗಿದರೆ ಅಲ್ಲೇ ಕಪ್ಪಾಗುತ್ತದೆ. ನಮ್ಮ ಚರ್ಮದ ಪ್ರೋಟೀನು ಅದನ್ನು ಹಿಡಿದುಕೊಂಡುಬಿಡುತ್ತದೆ, ಮೇಲೆ ಬೆಳಕು ಬಿದ್ದರೆ ಮುಗಿಯಿತು. ಸೋಪು, ಹುಣಸೆಹಣ್ಣು, ಬೂದಿ ಯಾವುದಕ್ಕೂ ಬಗ್ಗುವುದಿಲ್ಲ, ಚರ್ಮವೇ ಸುಲಿದು ಹೋಗಬೇಕು. ಅದಕ್ಕೇ ಕೈಗವಸು ಹಾಕಿಕೊಳ್ಳಬೇಕು. ಕೈಗವಸಿನ ಡಬ್ಬಿ ಪ್ರಿನ್ಸಿಪಾಲರ ಬೀರುವಿನಲ್ಲಿತ್ತು. ಅವರು ಚುನಾವಣೆ ಕೆಲಸಕ್ಕೆ ಹೋಗಿದ್ದರು, ಕೀಲಿ ಅವರ ಜೊತೆ ಹೋಗಿತ್ತು. ಕೆಲಸ ನಿಲ್ಲಿಸುವ ಹಾಗಿರಲಿಲ್ಲ, ಬರಿಗೈಯಲ್ಲೇ ಮಾಡಿದೆ.

ಓಟಿನ ದಿನ ಬೆಂಗಳೂರಿನ ಬಸ್ಸುಗಳಲ್ಲಿ ಗಾರ್ಮೆಂಟಿನವರು ಕಾಲಿಡಲು ಜಾಗವಿಲ್ಲದ ಹಾಗೆ ತುಂಬಿ ಬಂದರು. ತಂಗಿಯ ಓಟು ನನ್ನ ವಿಳಾಸಕ್ಕೇ ಇತ್ತು, ಅವಳೂ ನಿಂತುಕೊಂಡೇ ಬಂದಿದ್ದಳು. ಮಧ್ಯಾಹ್ನ ಮೂರಕ್ಕೆ ವಾಪಸು ಬಸ್ಸು. ಬೇಗ ಓಟು ಹಾಕಿ, ಮಗಳ ಜೊತೆ ಕೂತು ಊಟ ಮಾಡುವುದು ಅಂತ ಮೂವರೂ ಹೊರಟೆವು. ಅವಳದು ಎರಡು ನಿಮಿಷದಲ್ಲಿ ಆಯಿತು. ನಾನು ಕೈ ಚಾಚಿದೆ. ಶಾಯಿ ಹಚ್ಚುವವನು ನನ್ನ ಬೆರಳು ನೋಡಿ ಕೈ ಹಿಂದಕ್ಕೆ ತೆಗೆದ.

“ಅಮ್ಮಾ, ಮೀ ಓಟು ಅಯಿಪೋಯಿಂದಿ.” ನಿಮ್ಮ ಓಟು ಆಗಿಹೋಗಿದೆ ಅಂತ.

“ಇದು ಓಟಿನ ಶಾಯಿ ಅಲ್ಲ, ಕಾಲೇಜಿನ ಬೆಳ್ಳಿ. ನಿಮ್ಮ ಶಾಯಿಯಲ್ಲಿರೋದೂ ಇದೇ,” ಅಂದೆ. ಇದರಿಂದ ಅನುಮಾನ ಇನ್ನೂ ಹೆಚ್ಚಾಯಿತು. ಇದು ಒಂದು ಬೆರಳಿಗಲ್ಲ, ಎಲ್ಲದಕ್ಕೂ ಆಗಿದೆ ನೋಡಿ ಅಂತ ಎರಡೂ ಕೈ ಎತ್ತಿ ತೋರಿಸಿದೆ. ಮೂಲೆಯಲ್ಲಿ ಕೂತಿದ್ದ ಒಂದು ಪಕ್ಷದ ಏಜೆಂಟು ಎದ್ದು ನಿಂತ.

“ಹತ್ತು ಓಟು ಹಾಕ್ಯಾಳ್ರೀ ಸಾರ್! ಹತ್ತೂ ಬೂತಿನಾಗ ಹಾಕಿ ಬಂದಾಳ!”

ಇನ್ನೊಂದು ಪಕ್ಷದ ಏಜೆಂಟು ಮೊದಲನೆಯವನನ್ನೇ ಹಿಡಿದುಕೊಂಡ. ಹತ್ತೂ ನಿಮ್ಮವರಿಗೇ ಹಾಕಿರಬೇಕು ಅಂತ. ನಾನು ಇಬ್ಬರಿಗೂ ಬೈದೆ. ಬೂತಿನ ಅಧಿಕಾರಿ ಪಟ್ಟಿ ತೆಗೆಸಿ, ನನ್ನ ಹೆಸರಿಗೆ ಗುರುತು ಬಿದ್ದಿಲ್ಲ ಅಂತ ಖಾತ್ರಿ ಮಾಡಿಕೊಳ್ಳುವಷ್ಟರಲ್ಲಿ ಒಂದೂವರೆ ಗಂಟೆ ಕಳೆಯಿತು. ಬಾಗಿಲಾಚೆ ತಂಗಿ ಮಗಳನ್ನು ಎತ್ತಿಕೊಂಡು ಗಡಿಯಾರ ನೋಡುತ್ತಾ ನಿಂತಿದ್ದಳು. ಆ ಒಂದೂವರೆ ಗಂಟೆಯನ್ನು ಯಾವ ಸರ್ಕಾರ ವಾಪಸು ಕೊಡುತ್ತದೆ? ಕೊನೆಗೆ ಓಟು ಹಾಕಬಹುದು ಅಂದರು. ಆದರೆ ಶಾಯಿ ಎಲ್ಲಿ ಹಚ್ಚುವುದು? ಹಚ್ಚಿದರೆ ಕಾಣಬೇಕಲ್ಲ. ಅಧಿಕಾರಿ ನನ್ನ ಹತ್ತೂ ಬೆರಳನ್ನು ಕನ್ನಡಕ ಹಾಕಿಕೊಂಡು ಪರೀಕ್ಷೆ ಮಾಡಿ, ನಿಟ್ಟುಸಿರು ಬಿಟ್ಟು, ಚಪ್ಪಲಿ ಬಿಡಿ ಅಂದರು.

ಹೊರಗೆ ಬಂದೆ. ಗೇಟಿನ ಹತ್ತಿರ ಪತ್ರಿಕೆಯವನೊಬ್ಬ ಕ್ಯಾಮೆರಾ ಹಿಡಿದು ನಿಂತಿದ್ದ. “ಮೇಡಂ, ಓಟು ಹಾಕಿದ ಬೆರಳು ತೋರಿಸ್ರಿ.”

ನಾನು ಕಾಲೆತ್ತಿದೆ.

ಊಟ ಆದ ಮೇಲೆ

ಇದು ಕೊನೆಯದು.

ಡಿ. ಹಿರೇಹಾಳ್ ಕಡೆ ಹೋಗುವ ರಸ್ತೆಯಲ್ಲಿ ಒಂದು ಹೊಸ ಗಾರ್ಮೆಂಟು ಬಂತು. ರಾಯದುರ್ಗಕ್ಕೇ ಕಂಪನಿ ಬಸ್ಸು ಬರುತ್ತದೆ, ಸಂಜೆ ತಂದು ಬಿಡುತ್ತದೆ ಅಂದರು. ತಂಗಿ ಹೊಲಿಗೆ ಪರೀಕ್ಷೆಗೆ ಹೋಗಿ ಎಲ್ಲರಿಗಿಂತ ಮುಂಚೆ ಕಾಲರು ಹೊಲಿದು ಎದ್ದಳು. ಇನ್ನು ಮೆಡಿಕಲ್ ಒಂದೇ ಬಾಕಿ ಅಂದದ್ದಕ್ಕೆ, ಬೆಂಗಳೂರಿನ ಹಾಸ್ಟೆಲು ಖಾಲಿ ಮಾಡಿ ಟ್ರಂಕಿನ ಸಮೇತ ಬಂದುಬಿಟ್ಟಳು. ಮಗಳು ಆ ಟ್ರಂಕಿನ ಮೇಲೆಯೇ ಕೂತು ಊಟ ಮಾಡಿದಳು, ಅಮ್ಮ ಮತ್ತೆ ಎತ್ತಿಕೊಂಡು ಹೋಗಬಾರದು ಅಂತ.

ಮೆಡಿಕಲ್ಲಿನ ದಿನ ಮಧ್ಯಾಹ್ನ ತರಗತಿಯಲ್ಲಿದ್ದಾಗ ಅವಳ ಫೋನು ಬಂತು.

“ಅಕ್ಕ, ನಂಗೆ ಬಸ್ರಿ ಅಂತಾವ್ರೆ. ಕೆಲ್ಸ ಇಲ್ಲವಂತೆ.”

ಗಂಡ ಬಿಟ್ಟು ಇಷ್ಟು ವರ್ಷವಾದವಳಿಗೆ, ಹತ್ತೂರಿನ ಹೆಂಗಸರ ಮುಂದೆ! ಸೀಮೆಸುಣ್ಣ ಅಲ್ಲೇ ಬಿಸಾಕಿ ಆಟೋ ಹತ್ತಿದೆ.

ಫ್ಯಾಕ್ಟರಿಯ ಶೆಡ್ಡಿನಲ್ಲಿ ಹನ್ನೊಂದು ಜನ ಹೆಂಗಸರನ್ನು ಬೇರೆ ಕೂರಿಸಿದ್ದರು. ನಲವತ್ತು ಜನರಲ್ಲಿ ಹನ್ನೊಂದು ಜನ ‘ಬಸುರಿ’. ಅವರಲ್ಲಿ ದಾರ ಕತ್ತರಿಸುವ ಕೆಲಸಕ್ಕೆ ಬಂದ ಒಬ್ಬ ಅಜ್ಜಿಯೂ ಇದ್ದರು, ಅರವತ್ತರ ಹತ್ತಿರದವರು. ಭೈರವಾನಿತಿಪ್ಪದ ಕಡೆಯ ಒಂದು ಹೊಸ ಮದುವೆಯ ಹುಡುಗಿ ಅಳುತ್ತಿದ್ದಳು. ಅಜ್ಜಿ ಅಳುತ್ತಿರಲಿಲ್ಲ, ಜಗಳ ಮಾಡುತ್ತಿದ್ದರು.

“ನನ್ನ ಗಂಡ ಸತ್ತು ಹನ್ನೆರಡು ವರ್ಷ ಆತಪ್ಪ! ಊರಾಗ ಕೇಳಿದ್ರ ಯಾರ್ದು ಅಂತ ಹೇಳ್ಲಿ? ನಿನ್ನ ಹೆಸರು ಹೇಳ್ಲಾ?”

ಆ ಮಾತು ಸೂಪರ್‌ವೈಸರಿಗೆ ಹೇಳಿದ್ದು. ನರ್ಸು ಇನ್ನೂ ಕೆಲಸಕ್ಕೆ ಸೇರಿರಲಿಲ್ಲ, ಅವಳ ಕೆಲಸವನ್ನೂ ಇವನೇ ಮಾಡಿದ್ದ. ಅಂಗಡಿಯಲ್ಲಿ ಸಿಗುವ ಬಸಿರು ಪರೀಕ್ಷೆಯ ಪಟ್ಟಿ ತಂದು, ಪ್ರತಿಯೊಬ್ಬರ ಮೂತ್ರ ಹಾಕಿ, ಹೆಸರು ಬರೆದು ಕಿಟಕಿಯ ಹತ್ತಿರ ಬಿಸಿಲಲ್ಲಿ ಸಾಲಾಗಿ ಇಟ್ಟಿದ್ದ. ಕೆಲಸ ಕೇಳಲು ಬಂದವಳಿಗೆ ಈ ಪರೀಕ್ಷೆ ಯಾಕೆ ಅಂತ ಕೇಳಿದೆ. ರೂಲ್ಸು ಅಂದ. ಬಸುರಿ ಹೊಲಿದರೆ ಅಂಗಿ ಬಿಚ್ಚಿಹೋಗುತ್ತದಾ ಅಂತ ಕೇಳಿದೆ. ಪಟ್ಟಿಗಳ ಕಡೆ ಕೈ ತೋರಿಸಿದ.

ನಾನು ಪಟ್ಟಿಗಳ ಮೇಲೆ ಬಗ್ಗಿದೆ. ನನಗೆ ಅದರ ಒಳಗೆಲ್ಲ ಗೊತ್ತು. ಆ ಪಟ್ಟಿಯಲ್ಲಿರುವುದೂ ಬಂಗಾರದ ಕಣವೇ, ಪ್ರೋಟೀನು ಹೊದ್ದುಕೊಂಡ ಕಣ. ಒಂದು ಗೆರೆ ಎಲ್ಲರಿಗೂ ಮೂಡುತ್ತದೆ. ಬಸಿರಿನ ಅಂಶ ಸಿಕ್ಕಿದರೆ ಆ ಪ್ರೋಟೀನು ಅದನ್ನು ಹಿಡಿದುಕೊಂಡು ಎರಡನೇ ಗೆರೆಯ ಜಾಗದಲ್ಲಿ ಹೋಗಿ ನಿಲ್ಲುತ್ತದೆ, ಕೆಂಪಗೆ ಕಾಣುತ್ತದೆ. ಆದರೆ ಐದು ನಿಮಿಷದಲ್ಲಿ ನೋಡಿಬಿಡಬೇಕು. ಬಹಳ ಹೊತ್ತು ಬಿಟ್ಟರೆ ಒಣಗಿ, ಏನೂ ಇಲ್ಲದವರದರಲ್ಲೂ ಬೂದಿ ಬಣ್ಣದ ತೆಳು ಗೆರೆ ಮೂಡಬಹುದು. ಅದು ಲೆಕ್ಕಕ್ಕಿಲ್ಲ.

“ಎಷ್ಟು ಹೊತ್ತಿಗೆ ಇಟ್ರಿ?”

“ಹನ್ನೊಂದು ಗಂಟಿಗೆ.”

“ನೋಡಿದ್ದು ಯಾವಾಗ?”

“ಊಟ ಆದ ಮ್ಯಾಲ.”

ನಲವತ್ತು ಹೆಂಗಸರ ಹೊಟ್ಟೆಪಾಡನ್ನು ಬಿಸಿಲಿಗೆ ಒಣಹಾಕಿ ಈ ಮನುಷ್ಯ ಊಟಕ್ಕೆ ಹೋಗಿದ್ದ!

ನನ್ನ ಕೂಗಾಟ ಕೇಳಿ ಮ್ಯಾನೇಜರು ಹೊರಗೆ ಬಂದರು. ನಾನು ವಿವರಿಸಿದೆ. ಅವರು ಸೂಪರ್‌ವೈಸರನ ಮುಖ ನೋಡಿದರು. ಗೆರೆ ಅಂದ್ರೆ ಗೆರೇನೇ ಸಾರ್ ಅಂದ ಅವನು.

“ಹಾಗಾದ್ರೆ ನಿಮ್ಮದೂ ಒಂದು ಹಾಕಿ. ಅದೇ ಕಿಟಕಿ, ಅದೇ ಬಿಸಿಲು, ಅಷ್ಟೇ ಹೊತ್ತು,” ಅಂದೆ.

“ನನಗೇನು ಭಯ?” ಅಂತ ಒಂದು ಪಟ್ಟಿ ತೆಗೆದುಕೊಂಡು ಎದೆ ಉಬ್ಬಿಸಿ ಬಚ್ಚಲಿಗೆ ಹೋದ. ತಂದು ಕಿಟಕಿಯಲ್ಲಿಟ್ಟ. ಐದು ನಿಮಿಷಕ್ಕೆ ನೋಡಿದರೆ ಒಂದೇ ಗೆರೆ. ಅವನು ಮೀಸೆ ತಿರುವಿದ.

ಆಮೇಲೆ ಕಾದದ್ದು ಇದೆಯಲ್ಲ, ಅಷ್ಟು ಕಷ್ಟದ ಹೊತ್ತನ್ನು ನಾನು ಯಾವ ಲ್ಯಾಬಿನಲ್ಲೂ ಕಂಡಿಲ್ಲ. ಒಣಗಿದ ಪಟ್ಟಿಯಲ್ಲೆಲ್ಲ ಎರಡನೇ ಗೆರೆ ಮೂಡಲೇಬೇಕು ಅಂತಿಲ್ಲ. ಇಲ್ಲೇ ನಲವತ್ತರಲ್ಲಿ ಇಪ್ಪತ್ತೊಂಬತ್ತರಲ್ಲಿ ಮೂಡಿರಲಿಲ್ಲ. ಇವನದರಲ್ಲಿ ಮೂಡದಿದ್ದರೆ ತಂಗಿ ಟ್ರಂಕು ಎತ್ತಿಕೊಂಡು ಮತ್ತೆ ಬೆಂಗಳೂರಿಗೆ ಹೋಗಬೇಕು, ತಲೆ ಮೇಲೆ ಈ ಅಪವಾದವನ್ನೂ ಹೊತ್ತುಕೊಂಡು. ಅವಳು ನನ್ನ ಪಕ್ಕ ಕೂತಿದ್ದಳು. ಸೆರಗಿನ ಅಂಚನ್ನು ಬಿಚ್ಚಿ ಮತ್ತೆ ಮಡಚುತ್ತಿದ್ದಳು.

ಎರಡು ಗಂಟೆ ಕಳೆದ ಮೇಲೆ ಮ್ಯಾನೇಜರು ಬಂದು ಪಟ್ಟಿ ಎತ್ತಿದರು. ಮೂಗಿನ ಹತ್ತಿರ ಹಿಡಿದು ನೋಡಿದರು. ನನಗೆ ಕೊಟ್ಟರು. ನಾನು ಅಜ್ಜಿಗೆ ಕೊಟ್ಟೆ. ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿ, ಸೂಪರ್‌ವೈಸರನ ಕಡೆ ತಿರುಗಿ ಮೆತ್ತಗೆ ಕೇಳಿದರು.

“ಎಷ್ಟು ತಿಂಗಳ್ರಿ?”

ಶೆಡ್ಡಿಗೆ ಶೆಡ್ಡೇ ನಕ್ಕಿತು. ಮ್ಯಾನೇಜರು ಹೊಸ ಪಟ್ಟಿ ತರಿಸಿದರು. ಹನ್ನೊಂದು ಜನಕ್ಕೂ ಮತ್ತೆ ಪರೀಕ್ಷೆ, ಗಡಿಯಾರ ನನ್ನ ಕೈಯಲ್ಲಿ. ಅಜ್ಜಿಗೆ ಒಂದೇ ಗೆರೆ. ತಂಗಿಗೆ ಒಂದೇ ಗೆರೆ. ನನ್ನ ಕಣ್ಣಲ್ಲಿ ನೀರು ಬಂತು. ಹತ್ತು ಜನಕ್ಕೆ ಒಂದೇ ಗೆರೆ. ಹನ್ನೊಂದನೆಯದು ಆ ಭೈರವಾನಿತಿಪ್ಪದ ಹುಡುಗಿಯದು. ಎರಡು ಗೆರೆ, ಎರಡೂ ಕೆಂಪು. ಸುಳ್ಳು ಹೇಳಲು ನನ್ನಿಂದ ಆಗಲಿಲ್ಲ. ಅವಳ ಮುಖ ನೋಡಲೂ ಆಗಲಿಲ್ಲ.

“ಸರಿ, ಹತ್ತು ಜನ ನಾಳೆಯಿಂದ ಬನ್ನಿ. ಈಯಮ್ಮ ಬೇಡ,” ಅಂತ ಮ್ಯಾನೇಜರು ಪೆನ್ನು ತೆಗೆದರು.

ಆಗ ತಂಗಿ ಎದ್ದು ನಿಂತಳು. ನಾನು ಅವಳ ಸೀರೆ ಹಿಡಿದು ಜಗ್ಗಿದೆ. ಕೆಲಸ ಕೈಗೆ ಬಂದಿದೆ, ಸುಮ್ಮನಿರೇ! ಅವಳು ನನ್ನ ಕೈ ಕಿತ್ತು ಹಾಕಿ ಮೇಜಿನ ಮುಂದೆ ಹೋಗಿ, ಸೂಪರ್‌ವೈಸರನ ಪಟ್ಟಿಯನ್ನೂ ಆ ಹುಡುಗಿಯ ಪಟ್ಟಿಯನ್ನೂ ಪಕ್ಕ ಪಕ್ಕ ಇಟ್ಟಳು.

“ಸಾರ್, ನಿಮ್ಮ ಸೂಪರ್‌ವೈಸರ್‌ಗೂ ಎರಡು ಗೆರೆ ಐತೆ, ಈ ಹುಡುಗಿಗೂ ಎರಡು ಗೆರೆ ಐತೆ. ಬಸ್ರಿ ಆಗಿದ್ಕಂಡು ಅವ್ರು ಕೆಲ್ಸ ಮಾಡ್ಬೋದು ಅಂದ್ರೆ ಇವ್ಳು ಯಾಕ್ ಮಾಡ್ಬಾರ್ದು? ಇವಳ್ನ ಬಿಡೋದಾದ್ರೆ ಅವ್ರ್ನೂ ಮನೇಗೆ ಕಳ್ಸಿ. ಇಲ್ಲಾಂದ್ರೆ ನಮ್ಮ ಹತ್ತು ಜನದ ಹೆಸ್ರೂ ಹೊಡ್ದಾಕಿ.”

“ಹೌದ್ರಿ, ಹೊಡದಾಕ್ರಿ!” ಅಂತ ಅಜ್ಜಿಯೂ ಎದ್ದರು. ಉಳಿದವರೂ ಎದ್ದರು. ಮ್ಯಾನೇಜರು ಎರಡೂ ಪಟ್ಟಿಗಳನ್ನು ನೋಡಿದರು, ನಗು ತಡೆಯಲಾಗದೆ ಕೆಮ್ಮಿದರು, ಹನ್ನೊಂದೂ ಹೆಸರಿಗೆ ಸೈನು ಹಾಕಿದರು.

ಆ ಪರೀಕ್ಷೆ ನಿಂತಿಲ್ಲ. ಅದಕ್ಕೇ ನನ್ನ ಸಿಟ್ಟೂ ನಿಂತಿಲ್ಲ. ಕಿಟಕಿಯ ಹತ್ತಿರ ಒಂದು ಗಡಿಯಾರ ತೂಗುಹಾಕಿದ್ದಾರಂತೆ, ಅಷ್ಟೇ. ಅದನ್ನು ನಿಲ್ಲಿಸಿ ಅಂತ ನಾನು ಸರ್ಕಾರಕ್ಕೆ ಅರ್ಜಿ ಬರೆಯುತ್ತಲೇ ಇದ್ದೇನೆ. ತಂಗಿ ಈಗ ದಿನಾ ಸಂಜೆ ಆರೂವರೆಗೆ ಬಸ್ಸಿಳಿದು ಬರುತ್ತಾಳೆ, ಮಗಳ ಜಡೆ ದಿನಾ ಅವಳೇ ಹಾಕುತ್ತಾಳೆ.

ಸೂಪರ್‌ವೈಸರು ಮಾರನೇ ದಿನದಿಂದ ಮೂರು ದಿನ ರಜೆ ಹಾಕಿದನಂತೆ, ಮೈ ಸರಿಯಿಲ್ಲ, ಬೆಳಗ್ಗೆ ಎದ್ದರೆ ತಲೆ ತಿರುಗುತ್ತದೆ ಅಂತ. ಲೈನಿನ ಹೆಂಗಸರು ಯಾರೂ ಅವನನ್ನು ಬಯ್ಯಲಿಲ್ಲವಂತೆ. ಅಜ್ಜಿ ಒಂದು ಹಿಡಿ ಹುಣಸೆಕಾಯಿ ಪೊಟ್ಟಣ ಕಟ್ಟಿ ಅವನ ಮನೆಗೆ ಕಳಿಸಿಕೊಟ್ಟರಂತೆ.

“ಪಾಪ, ಮೊದಲ ಮೂರು ತಿಂಗಳು ಹಂಗ ಇರ್ತೈತ್ರಿ,” ಅಂದರಂತೆ.